ವೈದ್ಯರ ಚೀಟಿಯಲ್ಲಿ ಲ್ಯಾಟಿನ್: ಪ್ರೌಢರಿಗೊಂದು ಮೊದಲ ಪಾಠ

ಮಾಟುಂಗದ ಭಾವು ದಾಜಿ ರಸ್ತೆ ಮುಂಬಯಿ ಕನ್ನಡಿಗರಿಗೆ ಚಿರಪರಿಚಿತವಾದುದು. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಇರುವುದು ಈ ರಸ್ತೆಯಲ್ಲಿಯೇ. ನಾಟಕಕ್ಕೂ ಉಪನ್ಯಾಸಕ್ಕೂ ಬಂದುಹೋಗುವ ಸಾವಿರಾರು ಮಂದಿಯಲ್ಲಿ ಈ ಹೆಸರಿನ ಹಿಂದಿರುವ ವ್ಯಕ್ತಿಯನ್ನು ಬಲ್ಲವರು ವಿರಳ. ಡಾ. ಭಾವು ದಾಜಿ ಲಾಡ್ (1822–1874) ಅವರು 1845ರಲ್ಲಿ ಆರಂಭವಾದ ಗ್ರಾಂಟ್ ವೈದ್ಯಕೀಯ ಕಾಲೇಜಿನಿಂದ 1851ರಲ್ಲಿ ಹೊರಬಂದ ಮೊದಲ ತಂಡದ ಪದವೀಧರರಲ್ಲೊಬ್ಬರು. ಅವರು ಸಂಸ್ಕೃತ ವಿದ್ವಾಂಸರೂ ಶಾಸನಗಳ ಅಭ್ಯಾಸಿಯೂ ಆಗಿದ್ದರು. ಕುಷ್ಠರೋಗಕ್ಕೆ ಈ ನೆಲದ ಗಿಡಮೂಲಿಕೆಗಳಲ್ಲಿ ಔಷಧವನ್ನರಸಿದರು. ಸಂಸ್ಕೃತದ ಓಲೆಗರಿ, ಪಾಶ್ಚಾತ್ಯ ವೈದ್ಯದ ಲ್ಯಾಟಿನ್ ಹೆಸರು, ರೋಗಿಯ ಮನೆಮಾತು ಈ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ದುಡಿದ ತಲೆಮಾರು ಅದು.

ಆ ಮೂರರಲ್ಲಿ ಲ್ಯಾಟಿನ್ ಇಂದಿಗೂ ಪ್ರತಿಯೊಂದು ಮನೆಯನ್ನು ಪ್ರವೇಶಿಸುತ್ತಿದೆ. ಔಷಧದಂಗಡಿಯ ಮುಂದೆ ಚೀಟಿ ಹಿಡಿದು ನಿಂತ ಹಿರಿಯರ ಕೈಯಲ್ಲಿ ಅದಿರುತ್ತದೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷು, ಜೊತೆಗೆ ಒಂದಿಷ್ಟು ಗುಜರಾತಿ, ತಮಿಳುಗಳನ್ನು ನಿತ್ಯವ್ಯವಹಾರದಲ್ಲಿ ಬಳಸುವ ಮಾಟುಂಗದ ಕನ್ನಡಿಗನು ಈ ಆರನೆಯ ಅಥವಾ ಏಳನೆಯ ಭಾಷೆಯನ್ನು ತನಗರಿಯದಂತೆಯೇ ಪ್ರತಿದಿನ ನುಂಗುತ್ತಿದ್ದಾನೆ. ಅದರ ಮೊದಲ ಪಾಠವನ್ನು ಚೀಟಿಯಿಂದಲೇ ಪ್ರಾರಂಭಿಸಬಹುದೆಂಬುದನ್ನೂ, ಹಾಗೆ ಕಲಿಯುವುದು ಆರೋಗ್ಯಕ್ಕೆ ಹಿತವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಕಲಿಯಲು ತಡವಾಯಿತೆ?

ನಿವೃತ್ತಿಯ ಅಂಚಿನಲ್ಲಿ ಹೊಸ ಭಾಷೆಯೇಕೆಂದು ಕೇಳುವವರಿಗೆ ನೆರೆಯ ಕೇರಳದಲ್ಲಿಯೇ ಉತ್ತರವಿದೆ. ಕೊಚ್ಚಿಯ ಡಚ್ ಅಧಿಪತಿ ವಾನ್ ರೀಡ್ ಮಲಬಾರಿನ ಸಸ್ಯಗಳನ್ನು ಕುರಿತು ಸಿದ್ಧಪಡಿಸಿದ 'ಹೊರ್ತುಸ್ ಮಲಬಾರಿಕುಸ್' ಎಂಬ ಗ್ರಂಥ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದಕ್ಕೆ ಜ್ಞಾನವನ್ನೆರೆದವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಹಾಗೂ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರು. ಆದರೆ ಗ್ರಂಥವಿದ್ದದ್ದು ಲ್ಯಾಟಿನ್ನಿನಲ್ಲಿ. ಹೀಗಾಗಿ ಈ ನಾಡಿನವರು ಕೊಟ್ಟ ಅರಿವು ಮುನ್ನೂರು ವರ್ಷಗಳಿಗೂ ಮಿಕ್ಕಿ ಈ ನಾಡಿನವರಿಗೇ ಓದಲು ಬಾರದೆ ಉಳಿಯಿತು. ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲ್ ಅವರು ಅಧ್ಯಾಪಕರಾಗಿದ್ದುಕೊಂಡೇ ಲ್ಯಾಟಿನ್ ಕಲಿತು, ದಶಕಗಳ ಪರಿಶ್ರಮದಿಂದ ಅದನ್ನು ಭಾಷಾಂತರಿಸಿದರು. ಇಂಗ್ಲಿಷ್ ಆವೃತ್ತಿ 2003ರಲ್ಲಿಯೂ ಮಲಯಾಳ ಆವೃತ್ತಿ 2008ರಲ್ಲಿಯೂ ಹೊರಬಂದವು. 2020ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ಇಂದು ಜಗತ್ತಿನ ಅನೇಕ ಕಡೆ ಬಳಕೆಯಲ್ಲಿರುವ ವ್ಹೀಲಾಕರ ಲ್ಯಾಟಿನ್ ಪಠ್ಯಪುಸ್ತಕದ ಹುಟ್ಟೂ ಇಂಥದೇ. ಎರಡನೆಯ ಮಹಾಯುದ್ಧದಿಂದ ಮರಳಿ ಬಂದು ಕಾಲೇಜು ಸೇರಿದ ವಯಸ್ಕ ಸೈನಿಕರಿಗಾಗಿ ಬರೆದ ಪಾಠಗಳೇ 1956ರಲ್ಲಿ ಪುಸ್ತಕವಾದವು. ವ್ಯಾಕರಣದ ಕಾರಣವನ್ನು ತಿಳಿದು ಕಲಿಯುವ ಶಕ್ತಿ ಬಾಲಕರಿಗಿಂತ ಪ್ರೌಢರಲ್ಲಿ ಹೆಚ್ಚು. ಅವರಿಗೆ ಬೇಕಾದುದು ನಿಯಮಿತವಾದ ಸ್ವಲ್ಪ ಹೊತ್ತು.

ಬಹುಭಾಷೆಗಳಿಂದ ಮಿದುಳಿಗೆ ಒದಗುವ ಪ್ರಯೋಜನವನ್ನು ಕುರಿತು ಒಂದು ಮಾತನ್ನು ಇಲ್ಲಿ ಹೇಳಬೇಕು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆವುರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ರೋಗಲಕ್ಷಣಗಳು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿದ್ದವು. ಅನಕ್ಷರಸ್ಥರಲ್ಲಿಯೂ ಈ ಅಂತರ ಕಂಡುಬಂದಿತು. ಇದು ಜೀವಮಾನವೆಲ್ಲ ಆಡಿದ ಭಾಷೆಗಳ ಫಲವೇ ಹೊರತು ಅರವತ್ತರ ಬಳಿಕ ಕಲಿತ ಲ್ಯಾಟಿನ್ನಿನದೆಂದು ಯಾರೂ ಭಾವಿಸಬಾರದು. ಮುಂಬಯಿ ಕನ್ನಡಿಗರು ಆ ಐಶ್ವರ್ಯವನ್ನು ಈಗಾಗಲೇ ಸಂಪಾದಿಸಿದ್ದಾರೆ. ಲ್ಯಾಟಿನ್ ಕಲಿಯಲು ಬೇರೆಯೇ ಕಾರಣವಿದೆ. ಅದು ಮುಂದೆ ಸ್ಪಷ್ಟವಾಗುವುದು.

ಒಂದನೆಯ ಪಾಠ: ಉಚ್ಚಾರ ಮತ್ತು ಸಂಖ್ಯೆ

ಲ್ಯಾಟಿನ್ನಿನಲ್ಲಿ ಸ್ವರಗಳಿಗೆ ಹ್ರಸ್ವ, ದೀರ್ಘ ಎಂಬ ಭೇದವಿದೆ. ಸಂಸ್ಕೃತದಲ್ಲಿಲ್ಲದ ಹ್ರಸ್ವ ಎಕಾರ, ಒಕಾರಗಳೂ ಅದರಲ್ಲಿವೆ. ದ್ವಿತ್ವಾಕ್ಷರಗಳನ್ನು ಒತ್ತಿಯೇ ನುಡಿಯಬೇಕು. ಇಂಗ್ಲಿಷಿನವನಿಗೆ ಕಷ್ಟವಾಗುವ ಈ ಮೂರೂ ಕನ್ನಡಿಗನ ನಾಲಗೆಗೆ ಸಹಜವಾದುವು. 'ಗುತ್ತ' ಎಂದರೆ ಹನಿ. ಅದರ ತಕಾರದೊತ್ತನ್ನು ಕನ್ನಡದ 'ಹತ್ತು' ಎಂಬಲ್ಲಿಯಂತೆಯೇ ಉಚ್ಚರಿಸತಕ್ಕದ್ದು. ಪ್ರಾಚೀನ ರೋಮಿನ ಉಚ್ಚಾರದಲ್ಲಿ 'ಸಿ' ಅಕ್ಷರಕ್ಕೆ ಎಲ್ಲೆಡೆಯೂ ಕಕಾರದ ಧ್ವನಿ. ಚರ್ಚಿನ ರೂಢಿಯಲ್ಲಿ ಅದು ಕೆಲವೆಡೆ ಚಕಾರವಾಗುತ್ತದೆ. ವೈದ್ಯರು ಇಂಗ್ಲಿಷಿನ ರೀತಿಯಲ್ಲಿ ಸಕಾರವನ್ನು ನುಡಿಯುತ್ತಾರೆ. ಆರಂಭಿಕರು ಯಾವುದಾದರೊಂದು ಕ್ರಮವನ್ನು ಹಿಡಿದು ಮುಂದುವರಿದರೆ ಸಾಕು. ಇಲ್ಲಿ ಪ್ರಾಚೀನ ಕ್ರಮವನ್ನು ಅನುಸರಿಸಲಾಗಿದೆ.

ಒಂದರಿಂದ ಹತ್ತರವರೆಗಿನ ಸಂಖ್ಯೆಗಳು ಹೀಗಿವೆ: ಊನುಸ್, ದುಓ, ತ್ರೇಸ್, ಕ್ವತ್ತುಒರ್, ಕ್ವೀಂಕ್ವೆ, ಸೆಕ್ಸ್, ಸೆಪ್ತೆಮ್, ಒಕ್ತೋ, ನೊವೆಮ್, ದೆಕೆಮ್. ದ್ವಿ, ತ್ರಯ, ಸಪ್ತ, ಅಷ್ಟ, ನವ, ದಶ ಎಂಬುವನ್ನು ಬಲ್ಲವರಿಗೆ ಇವು ಅಪರಿಚಿತವೆನಿಸವು. ಕೊನೆಯ ನಾಲ್ಕರಿಂದ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳ ಹೆಸರುಗಳು ಹುಟ್ಟಿವೆ. ರೋಮನ್ನರ ಹಳೆಯ ವರ್ಷ ನಮ್ಮ ಯುಗಾದಿಯ ಆಸುಪಾಸಿನ ಮಾರ್ಚ್ ತಿಂಗಳಲ್ಲಿ ಆರಂಭವಾಗುತ್ತಿದ್ದುದರಿಂದ ಸೆಪ್ಟೆಂಬರ್ ಏಳನೆಯದಾಗಿತ್ತು.

ಶರೀರದ ಅಂಗಗಳಲ್ಲಿಯೂ ಇದೇ ನೆಂಟಸ್ತಿಕೆ ಕಾಣುತ್ತದೆ. ದಂತಕ್ಕೆ 'ದೇನ್ಸ್', ನಾಸಿಕಕ್ಕೆ 'ನಾಸುಸ್', ಜಾನುವಿಗೆ 'ಗೆನು', ಅಸ್ಥಿಗೆ 'ಒಸ್', ಪಾದಕ್ಕೆ 'ಪೇಸ್', ಯಕೃತ್ತಿಗೆ 'ಯೆಕುರ್', ಅಕ್ಷಿಗೆ 'ಒಕುಲುಸ್'. ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ಇರುವ ಈ ಸಂಬಂಧವನ್ನು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಘೋಷಿಸಿದನು. ಕನ್ನಡವಾದರೋ ಬೇರೆ ಕುಲಕ್ಕೆ ಸೇರಿದ್ದು. ಆದರೆ ಸಂಸ್ಕೃತದಿಂದ ಬಂದ ಪದಗಳ ಮೂಲಕ ಕನ್ನಡಿಗನು ಈ ಬಾಂಧವ್ಯದಲ್ಲಿ ಪಾಲು ಪಡೆದಿದ್ದಾನೆ.

ಎರಡನೆಯ ಪಾಠ: ಚೀಟಿಯ ಸೂತ್ರಗಳು

ವೈದ್ಯರ ಚೀಟಿಯ ಮೇಲ್ಭಾಗದಲ್ಲಿ ಆರ್ ಅಕ್ಷರದ ಕಾಲಿಗೆ ಅಡ್ಡಗೆರೆ ಎಳೆದ ಗುರುತಿರುತ್ತದೆ. ಅದು 'ರೆಕಿಪೆ' ಎಂಬ ಕ್ರಿಯಾಪದದ ಸಂಕ್ಷೇಪ. 'ತೆಗೆದುಕೋ' ಎಂಬುದು ಅದರ ಅರ್ಥ. ಔಷಧವನ್ನು ಬೆರೆಸುವವನಿಗೆ ಹಿಂದಿನ ವೈದ್ಯರು ಕೊಡುತ್ತಿದ್ದ ಅಪ್ಪಣೆಯದು. ಅಡುಗೆಯ ವಿಧಾನಕ್ಕೆ ಇಂಗ್ಲಿಷಿನಲ್ಲಿರುವ 'ರೆಸಿಪಿ' ಎಂಬ ಮಾತೂ ಇದೇ ಪದವಾಗಿದೆ.

ಇನ್ನು ಔಷಧದ ಹೆಸರಿನ ಮುಂದೆ ಬರುವ ಅಕ್ಷರಗಳನ್ನು ಗಮನಿಸಬೇಕು.

ಓ.ಡಿ. ಎಂದರೆ 'ಒಮ್ನೀ ದಿಏ', ದಿನಕ್ಕೊಮ್ಮೆ. ಬಿ.ಡಿ. ಎಂದರೆ 'ಬಿಸ್ ಇನ್ ದಿಏ', ದಿನದಲ್ಲಿ ಎರಡು ಬಾರಿ. 'ದಿಏಸ್' ಎಂದರೆ ದಿನ; 'ದಿಏ' ಎಂಬುದು 'ದಿನದಲ್ಲಿ' ಎಂಬರ್ಥದ ವಿಭಕ್ತಿರೂಪ.

ಟಿ.ಡಿ.ಎಸ್. ಎಂದರೆ 'ತೆರ್ ದಿಏ ಸೂಮೆಂದುಮ್', ದಿನಕ್ಕೆ ಮೂರು ಬಾರಿ ತೆಗೆದುಕೊಳ್ಳತಕ್ಕದ್ದು. ಇಂಗ್ಲಿಷಿನಲ್ಲಿ ವಿವರಿಸಲು ನಾಲ್ಕಾರು ಮಾತು ಬೇಕಾಗುವ 'ಸೂಮೆಂದುಮ್' ಎಂಬ ರೂಪಕ್ಕೆ ಕನ್ನಡದ 'ತಕ್ಕದ್ದು' ಎಂಬುದು ಸರಿಸಮವಾಗಿ ನಿಲ್ಲುತ್ತದೆ.

ಎ.ಸಿ. ಎಂದರೆ 'ಅಂತೆ ಕಿಬುಮ್', ಆಹಾರಕ್ಕೆ ಮುನ್ನ. ಪಿ.ಸಿ. ಎಂದರೆ 'ಪೊಸ್ತ್ ಕಿಬುಮ್', ಆಹಾರದ ಅನಂತರ. 'ಕಿಬುಸ್' ಎಂದರೆ ಆಹಾರ. ಅದು 'ಕಿಬುಮ್' ಆದುದು ದ್ವಿತೀಯಾ ವಿಭಕ್ತಿಯಲ್ಲಿ. ಕನ್ನಡದಲ್ಲಿ 'ಮುನ್ನ', 'ಅನಂತರ' ಎಂಬುವು ನಾಮಪದದ ಹಿಂದೆ ಬಂದರೆ ಲ್ಯಾಟಿನ್ನಿನಲ್ಲಿ ಮುಂದೆ ಬರುತ್ತವೆ.

ಎಚ್.ಎಸ್. ಎಂದರೆ 'ಹೋರ ಸೊಮ್ನೀ', ನಿದ್ರೆಯ ವೇಳೆಯಲ್ಲಿ. 'ಸೊಮ್ನುಸ್' ಎಂಬುದು ನಮ್ಮ 'ಸ್ವಪ್ನ'ದ ಜ್ಞಾತಿ. 'ಸೊಮ್ನೀ' ಅದರ ಷಷ್ಠೀ ವಿಭಕ್ತಿ. 'ಹೋರ' ಎಂಬ ಮಾತನ್ನು ರೋಮನ್ನರು ಗ್ರೀಕರಿಂದ ಪಡೆದರು. ನಮ್ಮ ಜ್ಯೋತಿಷಿಗಳೂ 'ಹೋರಾ'ವನ್ನು ಗ್ರೀಕರಿಂದಲೇ ಪಡೆದರು. ಹೋರಾಶಾಸ್ತ್ರವೆಂಬ ಹೆಸರನ್ನು ಕೇಳಿದವರು ಈ ಪದವನ್ನು ಹೊಸದಾಗಿ ಕಲಿಯಬೇಕಾಗಿಲ್ಲ.

'ನೊಕ್ತೆ' ಎಂದರೆ ರಾತ್ರಿಯಲ್ಲಿ. ರಾತ್ರಿ ಮಾತ್ರ ಉಣ್ಣುವ ನಕ್ತವ್ರತವನ್ನು ಬಲ್ಲ ಮನೆತನಗಳಲ್ಲಿ ಇದರ ಅರ್ಥವನ್ನು ಹೇಳಬೇಕಾದುದಿಲ್ಲ. 'ಸ್ತತಿಮ್' ಎಂಬುದು 'ಸ್ಟಾಟ್' ಎಂದು ಸಂಕ್ಷೇಪಗೊಂಡು, 'ಕೂಡಲೇ' ಎಂಬರ್ಥವನ್ನು ಕೊಡುತ್ತದೆ.

ಎಸ್.ಓ.ಎಸ್. ಎಂದರೆ 'ಸೀ ಒಪುಸ್ ಸಿತ್', ಅಗತ್ಯವಿದ್ದಲ್ಲಿ. ಹಡಗು ಮುಳುಗುವಾಗ ಕಳುಹಿಸುವ ಆಪತ್ಸಂಕೇತಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನೋವು ಬಂದರೆ ಮಾತ್ರ ನುಂಗಬೇಕಾದ ಗುಳಿಗೆಯನ್ನು ಹೊತ್ತುಹೊತ್ತಿಗೆ ನುಂಗುವವರು ಈ ಮೂರಕ್ಷರಗಳ ಅರ್ಥವನ್ನು ಮೊದಲು ಕಲಿಯಬೇಕು. ನೋವಿನ ಗುಳಿಗೆಗಳಲ್ಲಿ ಹಲವು ದೀರ್ಘಕಾಲ ಸೇವಿಸಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿ ಮಾಡತಕ್ಕವು.

ಅಕ್ಷರ ಒಂದು, ಅರ್ಥ ಎರಡು

ಸಂಕ್ಷೇಪಗಳು ವೈದ್ಯರ ಕಾಲವನ್ನು ಉಳಿಸುತ್ತವೆ. ಕೆಲವೊಮ್ಮೆ ರೋಗಿಯನ್ನು ಅಪಾಯಕ್ಕೂ ಗುರಿಮಾಡುತ್ತವೆ. ಮೇಲೆ ಕಂಡ ಓ.ಡಿ. ಎಂಬುದು ಕಣ್ಣಿನ ವೈದ್ಯರ ಚೀಟಿಯಲ್ಲಿ 'ಒಕುಲುಸ್ ದೆಕ್ಸ್ತೆರ್', ಅಂದರೆ ಬಲಗಣ್ಣು. 'ದೆಕ್ಸ್ತೆರ್' ನಮ್ಮ 'ದಕ್ಷಿಣ'ದ ಬಂಧು. ಎಡಗಣ್ಣು 'ಒಕುಲುಸ್ ಸಿನಿಸ್ತೆರ್', ಓ.ಎಸ್. ಕಣ್ಣಿನ ಹನಿಯ ಹೆಸರಿನ ಮುಂದೆ ಓ.ಡಿ. ಎಂದಿದ್ದರೆ ಅದು ದಿನಕ್ಕೊಮ್ಮೆಯೋ ಬಲಗಣ್ಣಿಗೋ ಎಂಬುದನ್ನು ಕೇಳಿಯೇ ತಿಳಿಯಬೇಕು. ಶಸ್ತ್ರಚಿಕಿತ್ಸೆಯಾದ ಕಣ್ಣೊಂದು, ಹನಿ ಬಿದ್ದ ಕಣ್ಣೊಂದು ಆಗಬಾರದು.

ಇದಕ್ಕಿಂತ ಗಂಭೀರವಾದುದು ವಾರಕ್ಕೊಮ್ಮೆ ಸೇವಿಸುವ ಔಷಧಗಳ ವಿಷಯ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳತಕ್ಕದ್ದು. ತಪ್ಪಿ ಪ್ರತಿದಿನ ಸೇವಿಸಿದರೆ ಮೂಳೆಯೊಳಗಿನ ಮಜ್ಜೆ ಕುಂದಿ, ರಕ್ತಕಣಗಳು ಕ್ಷೀಣಿಸಿ ಪ್ರಾಣಕ್ಕೇ ಎರವಾಗಬಹುದು. ಹೀಗೆ ಸಾವು ಸಂಭವಿಸಿದ ನಿದರ್ಶನಗಳು ಹಲವು ದೇಶಗಳ ವೈದ್ಯಸಾಹಿತ್ಯದಲ್ಲಿವೆ. ಇಂತಹ ಗುಳಿಗೆಯ ಮುಂದೆ 'ಸೋಮವಾರ ಮಾತ್ರ' ಎಂದು ವಾರದ ಹೆಸರನ್ನೇ ಮನೆಮಾತಿನಲ್ಲಿ ಬರೆಸಿಕೊಳ್ಳುವುದು ಅತ್ಯವಶ್ಯ.

ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಸಂಸ್ಥೆಯು 2004ರಲ್ಲಿಯೇ ಕೆಲವು ಲ್ಯಾಟಿನ್ ಸಂಕ್ಷೇಪಗಳನ್ನು ಬಳಸಬಾರದೆಂದು ವಿಧಿಸಿತು. ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ತನ್ನ ನಿಯಮಾವಳಿಯನ್ನು ತಿದ್ದುಪಡಿಮಾಡಿ, ಔಷಧದ ಮೂಲನಾಮವನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಸೂಚಿಸಿತು. ನಮ್ಮಲ್ಲಿ ಅನೇಕ ವೈದ್ಯರು '1-0-1' ಎಂದು ಬರೆಯುವ ಪದ್ಧತಿಯೂ ಇದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ಹೀಗೆ ಬರೆಯಿರೆಂದು ವೈದ್ಯರನ್ನು ವಿನಯದಿಂದ ಕೇಳಲು ರೋಗಿಯು ಸಂಕೋಚಪಡಬಾರದು. ಚೀಟಿಯ ಲ್ಯಾಟಿನ್ ಕಲಿತವನು ವೈದ್ಯನಾಗುವುದಿಲ್ಲ. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ತಿಳಿಯುತ್ತಾನೆ.

ಅಭ್ಯಾಸಕ್ಕಾಗಿ ಈ ಮೂರನ್ನು ಬಿಡಿಸಿ ನೋಡಬಹುದು: (1) ಬಿ.ಡಿ., ಎ.ಸಿ. (2) ಓ.ಡಿ., ಎಚ್.ಎಸ್. (3) ಎಸ್.ಓ.ಎಸ್., ಪಿ.ಸಿ. ಉತ್ತರಗಳು ಕ್ರಮವಾಗಿ: ಊಟಕ್ಕೆ ಮುನ್ನ ದಿನಕ್ಕೆರಡು ಬಾರಿ, ದಿನಕ್ಕೊಮ್ಮೆ ಮಲಗುವ ವೇಳೆಯಲ್ಲಿ, ಅಗತ್ಯವಿದ್ದರೆ ಮಾತ್ರ, ಅದೂ ಊಟದ ಅನಂತರ.

ಮೂರನೆಯ ಪಾಠ: ಗಿಡಗಳ ಹೆಸರು

ಚೀಟಿಯಿಂದ ಉದ್ಯಾನಕ್ಕೆ ಹೋದರೆ ಲ್ಯಾಟಿನ್ ಇನ್ನಷ್ಟು ಸುಲಭವಾಗುತ್ತದೆ. ಮಾಟುಂಗದಿಂದ ಸ್ವಲ್ಪವೇ ದೂರದ ಭಾಯಖಳೆಯಲ್ಲಿ, ಭಾವು ದಾಜಿಯವರ ಹೆಸರನ್ನು 1975ರಿಂದ ಧರಿಸಿರುವ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, ಜನರು ರಾಣಿಬಾಗ್ ಎಂದು ಕರೆಯುವ ಜೀಜಾಬಾಯಿ ಉದ್ಯಾನವಿದೆ. ಅಲ್ಲಿ ಮರಗಳ ಲ್ಯಾಟಿನ್ ಹೆಸರಿನ ಫಲಕಗಳನ್ನು ಓದುತ್ತ ನಡೆದರೆ ವ್ಯಾಯಾಮವೂ ಪಾಠವೂ ಒಟ್ಟಿಗೆ ಆಗುವುವು.

'ಬಿಳಿಯ' ಎಂಬ ಗುಣವಾಚಕಕ್ಕೆ ಲ್ಯಾಟಿನ್ನಿನಲ್ಲಿ ಮೂರು ರೂಪಗಳಿವೆ: ಪುಲ್ಲಿಂಗದಲ್ಲಿ 'ಅಲ್ಬುಸ್', ಸ್ತ್ರೀಲಿಂಗದಲ್ಲಿ 'ಅಲ್ಬ', ನಪುಂಸಕದಲ್ಲಿ 'ಅಲ್ಬುಮ್'. ಕನ್ನಡದ 'ಕರಿಯನು, ಕರಿಯಳು, ಕರಿದು' ಎಂಬುವನ್ನು ನೆನೆದರೆ ಇದು ಅರ್ಥವಾಗುತ್ತದೆ. ಶ್ರೀಗಂಧವು 'ಸಾಂತಲುಮ್ ಅಲ್ಬುಮ್'. ಕರಿಮೆಣಸು 'ಪಿಪೆರ್ ನಿಗ್ರುಮ್', ಕಪ್ಪು ಮೆಣಸು. ಆದರೆ ಇಲ್ಲೊಂದು ತೊಡಕಿದೆ. ಕನ್ನಡದಲ್ಲಿ ಮರವೆಂಬುದು ಅರ್ಥದಿಂದಲೇ ನಪುಂಸಕ. ರೋಮನ್ನರಿಗೆ ಮರಗಳು ಸ್ತ್ರೀಯರು. ಆದುದರಿಂದ 'ಫೀಕುಸ್' ಎಂಬುದು ಪುಲ್ಲಿಂಗದಂತೆ ಕಂಡರೂ ಅಶ್ವತ್ಥವೃಕ್ಷದ ಹೆಸರು 'ಫೀಕುಸ್ ರೆಲಿಗಿಓಸ'. ಹಿಪ್ಪುನೇರಳೆಯು 'ಮೋರುಸ್ ಅಲ್ಬ'. ಆರಂಭಿಕರು ಎಡವುವ ಮೊದಲ ಕಲ್ಲು ಇದು.

ಹೆಸರು ಎಚ್ಚರಿಕೆಯನ್ನೂ ಕೊಡುತ್ತದೆ. ಹೋಮಿಯೋಪತಿ ಸೀಸೆಗಳ ಮೇಲೆ ಕಾಣುವ 'ನುಕ್ಸ್ ವೊಮಿಕ' ಎಂಬುದು ಕಾಸರಕದ ಬೀಜ. 'ನುಕ್ಸ್' ಎಂದರೆ ಗಟ್ಟಿಕಾಯಿ. 'ವೊಮಿಕ' ನಮ್ಮ 'ವಮನ'ದ ಸಂಬಂಧಿ. ಹಸಿಯ ಬೀಜ ಘೋರವಿಷವೆಂಬುದನ್ನು ಮರೆಯಬಾರದು.

ಅಮೃತಬಳ್ಳಿಯ ಪ್ರಸಂಗವಂತೂ ಮುಂಬಯಿಯದೇ. ಕನ್ನಡದ ಅಮೃತಬಳ್ಳಿ, ಮರಾಠಿಯ ಗುಳವೇಲ್, ಹಿಂದಿಯ ಗಿಲೋಯ್ ಒಂದೇ ಬಳ್ಳಿಯ ಹೆಸರುಗಳು. ಶಾಸ್ತ್ರದಲ್ಲಿ ಅದು 'ಟಿನೊಸ್ಪೊರ ಕೊರ್ದಿಫೊಲಿಅ'. 'ಕೊರ್' ಎಂದರೆ ಹೃದಯ, 'ಫೊಲಿಉಮ್' ಎಂದರೆ ಎಲೆ, ಹೃದಯಾಕಾರದ ಎಲೆಯುಳ್ಳದ್ದು. ಇದರ ಸೋದರಿ 'ಟಿನೊಸ್ಪೊರ ಕ್ರಿಸ್ಪ'. 'ಕ್ರಿಸ್ಪ' ಎಂದರೆ ಸುಕ್ಕುಗಟ್ಟಿದುದು. ಅದರ ಎಲೆಯೂ ಹೃದಯಾಕಾರವೇ ಆದುದರಿಂದ ಕಣ್ಣಿಗೆ ಮೋಸವಾಗುತ್ತದೆ. ಕಾಂಡದ ಮೇಲಿನ ಗಂಟುಗಂಟಾದ ಉಬ್ಬುಗಳಿಂದ ಬಲ್ಲವರು ಬೇರ್ಪಡಿಸುತ್ತಾರೆ. ಕೊರೋನಾ ಪಿಡುಗಿನ 2020ರಲ್ಲಿ ರೋಗನಿರೋಧಕ್ಕೆಂದು ಮನೆಮನೆಗಳಲ್ಲಿ ಈ ಬಳ್ಳಿಯ ಕಷಾಯವನ್ನು ಕುಡಿಯತೊಡಗಿದರು. ಅಂತಹ ಆರು ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿಮಾಡಿದರು. ಗಿಡದ ಗುರುತನ್ನೇ ಖಚಿತಪಡಿಸಿಲ್ಲ, ಹೋಲುವ ಬೇರೆ ಬಳ್ಳಿ ಇರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. 2022ರಲ್ಲಿ 13 ಕೇಂದ್ರಗಳ ವೈದ್ಯರು 43 ರೋಗಿಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿ, ಕೊರ್ದಿಫೊಲಿಅವೇ ಕೆಲವರಲ್ಲಿ, ವಿಶೇಷವಾಗಿ ಶರೀರದ ರಕ್ಷಣಾಶಕ್ತಿ ತನ್ನ ಮೇಲೆಯೇ ತಿರುಗಿಬೀಳುವ ಪ್ರವೃತ್ತಿಯುಳ್ಳವರಲ್ಲಿ, ಯಕೃತ್ತನ್ನು ಕೆಡಿಸಬಲ್ಲದೆಂದು ತಿಳಿಸಿದರು.

ಈ ವಾದದಿಂದ ಸಾಮಾನ್ಯ ವಾಚಕರು ಗ್ರಹಿಸಬೇಕಾದ ಅಂಶಗಳು ಎರಡು. ಊರಿನಿಂದ ಬಂದ ಬಳ್ಳಿಯಾಗಲಿ ಪೇಟೆಯ ಪುಡಿಯಾಗಲಿ, ಅದರ ಎರಡು ಪದಗಳ ಪೂರ್ಣ ಹೆಸರು ತಿಳಿಯದೆ ಸೇವಿಸಬಾರದು. ಸರಿಯಾದ ಹೆಸರಿದ್ದ ಮಾತ್ರಕ್ಕೆ ಅದು ಎಲ್ಲರಿಗೂ ಹಿತವೆಂದು ನಂಬಬಾರದು. ಯಕೃತ್ತಿನ ತೊಂದರೆಯಿರುವವರೂ ನಿತ್ಯ ಬೇರೆ ಔಷಧ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಕಾಮಾಲೆ, ಅರುಚಿ, ಗಾಢವರ್ಣದ ಮೂತ್ರ ಕಂಡುಬಂದರೆ ಕಷಾಯವನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಅಭ್ಯಾಸಕ್ರಮ

ದಿನಕ್ಕೆ ಅರ್ಧ ಗಂಟೆ ಸಾಕು. ಒಂದು ನೋಟುಪುಸ್ತಕದಲ್ಲಿ ಎಡಕ್ಕೆ ಲ್ಯಾಟಿನ್, ನಡುವೆ ಕನ್ನಡದ ಅರ್ಥ, ಬಲಕ್ಕೆ ಸಂಸ್ಕೃತದ ಬಂಧುಪದ ಇದ್ದರೆ ಅದನ್ನು ಬರೆಯಬೇಕು. ಮೊದಲ ತಿಂಗಳಲ್ಲಿ ಸಂಖ್ಯೆಗಳು, ಅಂಗಗಳು ಮತ್ತು ಚೀಟಿಯ ಹತ್ತು ಸೂತ್ರಗಳು. ಎರಡನೆಯ ತಿಂಗಳಲ್ಲಿ ಅಡುಗೆಮನೆಯ ಮತ್ತು ಬೀದಿಯ ಇಪ್ಪತ್ತೈದು ಗಿಡಗಳ ಹೆಸರು. ಮೂರನೆಯ ತಿಂಗಳಿನಿಂದ ಪಠ್ಯಪುಸ್ತಕ ಹಿಡಿದು ವಿಭಕ್ತಿಗಳ ಪಟ್ಟಿ. ಶಾಲೆಯಲ್ಲಿ 'ರಾಮಃ ರಾಮೌ ರಾಮಾಃ' ಎಂದು ಉರುಹೊಡೆದವರಿಗೆ ಲ್ಯಾಟಿನ್ನಿನಲ್ಲಿ ದ್ವಿವಚನವಿಲ್ಲವೆಂಬುದು ಸಂತೋಷದ ಸಂಗತಿಯಾಗಬಹುದು. ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುವುದೇ ಹೆಚ್ಚಾದುದರಿಂದ ಕನ್ನಡಿಗನು ವಾಕ್ಯವನ್ನು ತಲೆಕೆಳಗು ಮಾಡಬೇಕಾದ ಶ್ರಮವೂ ಕಡಿಮೆ. ಇಬ್ಬರು ಮೂವರು ನೆರೆಹೊರೆಯವರು ವಾರಕ್ಕೊಮ್ಮೆ ಸೇರಿ ಪಾಠ ಒಪ್ಪಿಸಿಕೊಂಡರೆ ಅಭ್ಯಾಸ ತಪ್ಪುವುದಿಲ್ಲ.

ಮನೆಯ ಔಷಧಗಳ ಡಬ್ಬಿಯನ್ನು ತೆರೆದು, ಪ್ರತಿಯೊಂದು ಗುಳಿಗೆಯ ಹೆಸರು, ಕಾರಣ, ವೇಳೆ ಇವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುವುದು ಈ ಅಭ್ಯಾಸದ ಮೊದಲ ಪರೀಕ್ಷೆಯಾಗಲಿ. ಅರ್ಥವಾಗದ ಸಾಲು ಒಂದಾದರೂ ಉಳಿದರೆ ಅದನ್ನು ಊಹೆಯಿಂದ ತುಂಬದೆ, ಮುಂದಿನ ಸಲ ವೈದ್ಯರ ಮುಂದಿಟ್ಟು ಕೇಳತಕ್ಕದ್ದು.